ಗುಡಿಸೋ ವಾರದ ಕೀಲಿ

ನನ್ನ ನಾದಿನಿ ಗೆರ್ಲಿಂಡ್ ನನ್ನ ಸಾಯಿಸೋಕೆ ಚಾಕೂನೂ ಹಿಡೀಲಿಲ್ಲ, ವಿಷಾನೂ ಬೆರೆಸ್ಲಿಲ್ಲ. ಮನೆಗೆ ಹೊಸ ರೇಡಿಯೇಟರ್ ಹಾಕಿಸಿದ್ಲು.

ನಗ್ತೀರೇನೋ ನಗಿ. ಈ ಆಲ್ಬ್ ಬೆಟ್ಟದ ಮೇಲೆ ಒಂದು ಚಳಿಗಾಲ ಕಳೆದು ಆಮೇಲೆ ನಗಿ. ಜನವರೀಲಿ ಇಲ್ಲಿ ಕೋಳಿ ಮೊಟ್ಟೆ ಇಟ್ರೆ ಸುತ್ತಿಗೆ ತಗೊಂಡು ಒಡೀಬೇಕು. ನನ್ನ ಗಂಡ ಗೊಟ್ಲೋಬ್ ಒಂದ್ಸಲ ಅಂಗಳದಲ್ಲಿ ಸೀನಿದ್ದ, ಮೀಸೇಲಿ ಹಿಡ್ಕೊಂಡಿದ್ದು ಮಾರ್ಚ್ ತನಕ ಬಿಡ್ಲಿಲ್ಲ. ಇಂಥ ಊರಲ್ಲಿ ಗೋಡೆ ಪಕ್ಕ ನಿಂತಿರೋ ಆ ಕಬ್ಬಿಣದ ಪಕ್ಕೆಲುಬುಗಳು, ಒಳಗೆ ಬಿಸಿನೀರು ಓಡೋವು, ಅವು ಮನೆ ಸಾಮಾನಲ್ಲ, ಪ್ರಾಣ.

ಮನೆ ನನ್ನ ಮಾವ ಕಟ್ಟಿಸಿದ್ದು. ಸಾಯೋ ಮುಂಚೆ ಎರಡು ಪಾಲು ಮಾಡಿದ. ಕೆಳಗಿನ ಭಾಗ, ಅದರಡಿಯ ನೆಲಮಾಳಿಗೆ ಮಗಳು ಗೆರ್ಲಿಂಡಿಗೆ. ಮೇಲಿನ ಭಾಗ ಮಗ ಗೊಟ್ಲೋಬಿಗೆ. ಗೊಟ್ಲೋಬ್ ಹೋದ್ರೆ ಅವನ ಹೆಂಡ್ತಿ ಸಾಯೋ ತನಕ ಮೇಲೆ ಇರಬಹುದು, ಆದ್ರೆ ಅವಳು ಅಲ್ಲೇ ಇರಬೇಕು. ಬೇರೆ ಕಡೆ ಹೋಗಿ ಮನೆ ಮಾಡಿದ್ರೆ ಮೇಲಿನದೂ ಮಗಳಿಗೆ. ಮಾವ ಇದನ್ನೆಲ್ಲ ಬಾಯಿ ಬಿಟ್ಟು ಎಲ್ಲರ ಮುಂದೆ ಹೇಳಿದ. ನನ್ನ ಮುಖ ನೋಡ್ಕೊಂಡೇ ಹೇಳಿದ. ನಾನು ಕೆಳನಾಡಿನ ಕ್ಯಾಥೊಲಿಕ್ ಊರಿಂದ ಬಂದವಳು. ಇದು ಪ್ರೊಟೆಸ್ಟೆಂಟ್ ಊರು, ಇಲ್ಲಿ ಬೈಬಲ್ ಬಿಟ್ರೆ ಪೊರಕೆ, ಪೊರಕೆ ಬಿಟ್ರೆ ಬೈಬಲ್. ಸೊಸೆ ಜಪದ ಮಣಿಸರ ಎಣಿಸ್ತಾ ಕೂತಿದ್ದು ಕಂಡ್ರೆ ಮಾವನಿಗೆ ಹಲ್ಲುನೋವು ಬರ್ತಿತ್ತು.

ಗೊಟ್ಲೋಬ್ ಇರೋ ತನಕ ಗೆರ್ಲಿಂಡ್ ನನ್ನ ನೀನು ಅಂತಿದ್ಲು, ಬೈಯೋವಾಗ್ಲೂ. ಅವನ ಹೆಣ ಮಣ್ಣಿಗಿಟ್ಟು ಬಂದ ಸಂಜೆಯಿಂದ ‘ನೀವು’ ಶುರು ಮಾಡಿದ್ಲು. ‘ಅತ್ತಿಗೆಯವ್ರೇ, ಮೆಟ್ಟಿಲ ಕೆಳಗೆ ನಿಮ್ಮ ಛತ್ರಿ ಇದೆ.’ ಮೂಳೆ ಕೊರೆಯೋಂಥ ಮರ್ಯಾದೆ. ಅಂಥ ಮರ್ಯಾದೆಗಿಂತ ಕಪಾಳಕ್ಕೆ ಹೊಡೆದ್ರೆ ಮೈ ಬೆಚ್ಚಗಾದ್ರೂ ಆಗ್ತಿತ್ತು.

ಆದ್ರೂ ಆಗ ನಾವಿಬ್ರೂ ಬದುಕಿದ್ವಿ, ಯಾಕಂದ್ರೆ ಹಳೇ ರೇಡಿಯೇಟರ್‌ಗಳಿಗೆ ಪಕ್ಷಪಾತ ಇರ್ಲಿಲ್ಲ. ಬಾಯ್ಲರ್ ನೆಲಮಾಳಿಗೇಲಿ ಎಮ್ಮೆ ಥರ ಗುರುಗುಟ್ಟೋದು, ನೀರು ಒಂದೇ ಕೊಳವೇಲಿ ಕೆಳಗಿಂದ ಮೇಲೆ ಹತ್ತೋದು, ಮೇಲಿಂದ ಕೆಳಗೆ ಇಳಿಯೋದು. ವಾಲ್ವುಗಳೆಲ್ಲ ಬಣ್ಣ ಬಳಿದೂ ಬಳಿದೂ ಅಂಟ್ಕೊಂಡಿದ್ವು. ಯಾವುದನ್ನ ಎಷ್ಟು ತಿರುಗಿಸಿದ್ರೂ ಪೂರ್ತಿ ಮುಚ್ತಾ ಇರ್ಲಿಲ್ಲ, ಒಳಗೆ ಒಂಚೂರು ಬಿಸಿನೀರು ಅಳ್ತಾನೇ ಇರೋದು. ಇಬ್ರೂ ಬೆಚ್ಚಗಿರಬೇಕು, ಇಲ್ಲಾ ಇಬ್ರೂ ನಡುಗಬೇಕು. ನನ್ನ ಕೊಲ್ಲಬೇಕು ಅಂದ್ರೆ ಗೆರ್ಲಿಂಡ್ ಮೊದ್ಲು ತಾನು ಸಾಯಬೇಕಿತ್ತು. ಅಷ್ಟು ಉದಾರ ಬುದ್ಧಿ ಅವಳಿಗಿಲ್ಲ.

ಹಾಳಾಗಿದ್ದು ಚಿಮಣಿ ಗುಡಿಸೋನಿಂದ. ವರ್ಷವರ್ಷ ಬಂದು ಹೊಗೆ ಮೂಸೋ ಮನುಷ್ಯ, ಆ ಸಲ ಬಾಯ್ಲರ್ ಮುಂದೆ ಕೂತು ತಲೆ ಆಡಿಸಿದ. ಇದು ತೆಗೀಲೇಬೇಕು, ಕಾನೂನು ಅಂದ. ಗೆರ್ಲಿಂಡ್ ಮುಖ ನೀವು ನೋಡಬೇಕಿತ್ತು. ಮದುವೆ ಆಗದೇ ಉಳಿದವಳಿಗೆ ಎಪ್ಪತ್ತನೇ ವಯಸ್ಸಲ್ಲಿ ವರ ಬಂದಂಗೆ ಅರಳಿತು. ಬಾಯ್ಲರ್ ತೆಗೆಯೋದಾದ್ರೆ ರೇಡಿಯೇಟರ್‌ಗಳೂ ಹೋಗ್ಲಿ, ವಾಲ್ವುಗಳೂ ಹೋಗ್ಲಿ, ಎಲ್ಲಾ ಹೊಸದು ಅಂದ್ಲು. ನಾನು ಮೆಟ್ಟಿಲ ಮೇಲೆ ನಿಂತು ಎಲ್ಲಾ ಕೇಳಿಸ್ಕೊಂಡೆ.

ಪ್ಲಂಬರ್ ಡೀಟರ್ಲೆ ಬಂದ. ಊರಿಗೆ ಒಬ್ಬನೇ ಪ್ಲಂಬರ್, ಅದಕ್ಕೇ ಅವನ ಹೊಟ್ಟೆ ಊರಿಗಿಂತ ಒಂದು ಮೊಳ ಮುಂದೆ ಬರುತ್ತೆ. ಕೆಲಸ ಶುರು ಮಾಡೋ ಮುಂಚೆ ತಿಂಡಿ, ಮುಗಿಸಿದ ಮೇಲೆ ತಿಂಡಿ, ನಡುವೆ ಸೇಬಿನ ಹುಳಿ ಮದ್ಯ. ಕೆಳಗೆ ಗೆರ್ಲಿಂಡ್ ತೆಳ್ಳಗೆ ಕೊಯ್ದ ಸಾಸೇಜು ಕೊಟ್ಲು, ಅದರಾಚೆ ಬೀದಿ ಕಾಣ್ತಿತ್ತು. ನಾನು ಮೇಲೆ ಕರೆದು ಬೇಳೆ, ಶ್ಪೆಟ್ಸ್ಲೆ ಅನ್ನೋ ಹಿಟ್ಟಿನ ಶಾವಿಗೆ ಬಡಿಸಿದೆ. ತಿಂತಾ ತಿಂತಾ ಗುಟ್ಟೆಲ್ಲ ಕಕ್ಕಿದ. ಗೋಡೆ ಒಳಗಿನ ಕೊಳವೆ ಹಳೇದೇ ಇರುತ್ತಂತೆ. ಆದ್ರೆ ನೆಲಮಾಳಿಗೇಲಿ ಅದನ್ನ ಎರಡು ಕವಲು ಮಾಡ್ತಾನಂತೆ, ಕೆಳಮನೆಗೆ ಒಂದು, ಮೇಲ್ಮನೆಗೆ ಒಂದು, ಒಂದೊಂದಕ್ಕೂ ನೀರು ಬಿಡೋಕೆ, ನಿಲ್ಲಿಸೋಕೆ ಬೇರೆ ಬೇರೆ ಹಿಡಿ.

“ಯಾಕಪ್ಪಾ ಎರಡು ಹಿಡಿ?” ಅಂದೆ.

“ಅವರು ಕೇಳಿದ್ರು, ಕಾಕಿ ಆಫ್ರಾ. ನಾನು ಕೊಳವೆ ನೋಡ್ಕೊಳ್ತೀನಿ, ಹೆಂಗಸರ ಮಧ್ಯ ಬರಲ್ಲ. ಮನೇಲೇ ಅತ್ತೆ ಒಬ್ಬಳಿದ್ದಾಳೆ, ಸಾಕು.”

ಅವನು ಹಳೇ ಕಬ್ಬಿಣ ಇಳಿಸಿದ ದಿನ ಮನೆ ನಡುಗ್ತು. ಒಂದೊಂದು ರೇಡಿಯೇಟರ್ ಒಂದೊಂದು ಹಂದಿ ತೂಕ. ಅಡಿಗೆಮನೇದಂತೂ ಚರ್ಚಿನ ಗಂಟೆಗಿಂತ ಭಾರ, ಸುಳ್ಳಲ್ಲ. ಇಳಿಸೋವಾಗ ಅದರೊಳಗಿಂದ ಕರೀ ನೀರು ಮೆಟ್ಟಿಲ ಮೇಲೆ ಚೆಲ್ತು. ನಲವತ್ತು ಚಳಿಗಾಲ ಅದೇ ನೀರು ಸುತ್ತಿ ಸುತ್ತಿ ಮಸಿಯಾಗಿತ್ತು, ಕೊಳೆತ ಮೊಟ್ಟೆ ನಾತ. ಒರೆಸೋದು ಯಾರು? ಯಾರ ಬಾಗಿಲ ಮೇಲೆ ಹಲಗೆ ನೇತಾಡ್ತಿತ್ತೋ ಅವಳು. ಅದೇ, ಗುಡಿಸೋ ವಾರದ ಹಲಗೆ. ಒಂದು ವಾರ ಅವಳ ಬಾಗಿಲಿಗೆ, ಒಂದು ವಾರ ನನ್ನ ಬಾಗಿಲಿಗೆ. ಯಾರ ಬಾಗಿಲಲ್ಲಿ ಹಲಗೆ ಇರುತ್ತೋ ಅವರು ಮೆಟ್ಟಿಲು ಗುಡಿಸಿ ಒರೆಸಬೇಕು, ಬೀದಿ ಬದಿ ಹಿಮ ಬಾಚಬೇಕು, ನೆಲಮಾಳಿಗೆ ಮೆಟ್ಟಿಲು ತಿಕ್ಕಬೇಕು. ಶನಿವಾರ ಸಂಜೆ ತನಕ ಮಾಡದೇ ಇದ್ದವಳು ಭಾನುವಾರ ಬೀದೀಲಿ ತಲೆ ಎತ್ತೋ ಹಾಗಿಲ್ಲ. ಡೀಟರ್ಲೆ ಮಸಿ ಚೆಲ್ಲೋದು ನನ್ನ ವಾರಕ್ಕೇ ಬೀಳೋ ಹಾಗೆ ಗೆರ್ಲಿಂಡ್ ದಿನ ನೋಡಿ ಗೊತ್ತು ಮಾಡಿದ್ಲು. ನಾನು ಮಂಡಿಯೂರಿ ಒರೆಸ್ತಾ ಇದ್ರೆ ಬಾಗಿಲು ಓರೆ ಮಾಡಿ ನಿಂತಿದ್ಲು.

“ಮೂಲೇಲಿ ಉಳಿದಿದೆ, ಅತ್ತಿಗೆಯವ್ರೇ.”

“ಮೂಲೇಲಿ ಇರೋದು ನಿನ್ನ ನೆರಳು ಕಣೇ, ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ.”

ಹೊಸ ರೇಡಿಯೇಟರ್‌ಗಳು ಬಂದ್ವು. ತಗಡು. ಬೆಳ್ಳಗೆ, ತೆಳ್ಳಗೆ, ಗೆರ್ಲಿಂಡಿನ ಸಾಸೇಜಿನ ಹಾಗೆ. ಒಂದೊಂದರ ಪಕ್ಕ ದುಂಡನೆ ಬಿಳೀ ಗುಂಡಿಯ ವಾಲ್ವು, ಅದರ ಮೇಲೆ ಒಂದರಿಂದ ಐದು, ಒಂದಕ್ಕಿಂತ ಕೆಳಗೆ ಹಿಮದ ಹೂವಿನ ಗುರುತು, ಅದಕ್ಕೂ ಕೆಳಗೆ ಸೊನ್ನೆ. ಡೀಟರ್ಲೆ ನಮ್ಮಿಬ್ರನ್ನೂ ನಿಲ್ಲಿಸಿ, ಬಾಯಲ್ಲಿ ಬ್ರೆಡ್ಡು ಇಟ್ಕೊಂಡೇ ಪಾಠ ಹೇಳಿದ. ಕೋಣೆ ಬೇಡ ಅನ್ಸಿದ್ರೆ ಹಿಮದ ಹೂವಿಗೆ ಇಡಿ, ಸೊನ್ನೆಗೆ ಇಡಬೇಡಿ. ಹೂವಿನ ಮೇಲಿದ್ರೆ, ಚಳಿ ವಿಪರೀತ ಆದಾಗ ವಾಲ್ವು ತಾನೇ ಒಂಚೂರು ಬಾಯಿ ತೆರೆದು ಬಿಸಿನೀರು ಬಿಟ್ಕೊಳ್ಳುತ್ತೆ. ಸೊನ್ನೆ ಅಂದ್ರೆ ಸೊನ್ನೆ, ಹಳೇದರ ಹಾಗೆ ಅಳಲ್ಲ, ಒಂದು ಹನಿ ಬಿಡಲ್ಲ. ಇಷ್ಟೇ ಅವನು ಹೇಳಿದ್ದು. ನಾನು ಅರ್ಧ ಕೇಳಿಸ್ಕೊಂಡೆ, ಇನ್ನರ್ಧ ಹೊತ್ತು ಕಣ್ಣು ಬೇರೆ ಕಡೆ ಇತ್ತು. ಗೆರ್ಲಿಂಡ್ ಅಷ್ಟರಲ್ಲಿ ನೆಲಮಾಳಿಗೆ ಬಾಗಿಲಿಗೆ ಹೊಸ ಬೀಗ ಜಡಿಸಿದ್ಲು. ಕೀಲಿ ಸರಕ್ಕೆ ಪೋಣಿಸಿ ಕುತ್ತಿಗೆಗೆ ಹಾಕ್ಕೊಂಡಿದ್ಲು, ನಮ್ಮ ಕಡೆಯವರು ಶಿಲುಬೆ ಹಾಕ್ಕೊಳ್ಳೋ ಜಾಗದಲ್ಲಿ.

ಮೊದಲ ಹಿಮ ಬಿದ್ದ ವಾರವೇ ನನ್ನ ಮನೆ ತಣ್ಣಗಾಯ್ತು. ಒಂದೇ ಸಲಕ್ಕಲ್ಲ, ಅಷ್ಟು ದಡ್ಡಿ ಅಲ್ಲ ಅವಳು. ದಿನಾ ಒಂದೊಂದು ಚೂರು. ಗುಂಡಿ ಐದಕ್ಕೆ ತಿರುಗಿಸಿದ್ರೂ ರೇಡಿಯೇಟರ್ ಸತ್ತವನ ಕೈ ಥರ. ಮೂರು ಸ್ವೆಟರ್ ಹಾಕ್ಕೊಂಡು ಕೂತೆ. ಹೊರಗಿನವರು ನೋಡಿದ್ರೆ ಆಫ್ರಾ ದಪ್ಪಗಾದ್ಲು ಅನ್ಕೊಂಡಿರಬೇಕು. ನಲ್ಲೀಲಿ ಕೈ ತೊಳೆದ್ರೆ ಬೆರಳು ಎಣಿಸಿ ಒಳಗೆ ತಗೊಂಡು ಬರ್ತಿದ್ದೆ.

ಕೆಳಗಿಳಿದು ಕೇಳಿದೆ. ನಿಮ್ಮ ಹಿಡಿ ಮುಟ್ಟೇ ಇಲ್ಲ, ಹೊಸ ಸಾಮಾನು, ಪಳಗಬೇಕು ಅಂದ್ಲು. ಅಷ್ಟಕ್ಕೂ ಬಿಸಿ ಮೇಲೆ ಏರುತ್ತಂತೆ, ಅವಳ ಮನೆ ಬಿಸಿಯೆಲ್ಲ ನನ್ನ ನೆಲ ತೂರಿ ಪುಕ್ಕಟೆ ಬರುತ್ತಂತೆ, ನಾನೇ ಅವಳಿಗೆ ಥ್ಯಾಂಕ್ಸ್ ಹೇಳಬೇಕಂತೆ. ಹಾಗಾದ್ರೆ ಕೀಲಿ ಕೊಡು, ನಾನೇ ನೋಡ್ತೀನಿ ಅಂದೆ. ನೆಲಮಾಳಿಗೆ ನಂದು ಅಂದ್ಲು. ಹಾಗಾದ್ರೆ ನೆಲಮಾಳಿಗೆ ಮೆಟ್ಟಿಲು ನಾನು ಹೆಂಗೆ ತಿಕ್ಕಲಿ ಅಂದೆ. ಅದಕ್ಕೆ ಅವಳು, ನಿಮ್ಮ ವಾರದಲ್ಲಿ ಆ ಮೆಟ್ಟಿಲು ಹೊಲಸಾಗೇ ಇರುತ್ತೆ ಅಂತ ಊರಿಗೇ ಗೊತ್ತು, ಹೊಸದೇನಲ್ಲ ಅಂದ್ಲು. ಬೀಗ ಹಾಕಿದವಳೂ ಅವಳೇ, ಗುಡಿಸಿಲ್ಲ ಅಂತ ಊರಿಗೆ ಸಾರಿದವಳೂ ಅವಳೇ.

ನಾನೂ ಸುಮ್ನೆ ಕೂರೋಳಲ್ಲ. ಅಟ್ಟದಿಂದ ಗೊಟ್ಲೋಬನ ಮರದ ಮೆಟ್ಟು ಇಳಿಸಿ ಹಾಕ್ಕೊಂಡೆ. ಕಾಲು ತಣ್ಣಗಲ್ವಾ, ನಡೀಬೇಕಲ್ವಾ. ಅವಳ ತಲೆ ಮೇಲೆ ಬೆಳಗಿಂದ ಸಂಜೆವರೆಗೂ ಕುದುರೆ ಪಡೆ ಓಡಿದ ಹಾಗೆ ಓಡಾಡಿದೆ. ಅವಳ ದೀಪದ ಗಾಜು ಉದುರಿತು ಅಂತ ಕೇಳಿದೆ. ಇನ್ನೂ ಜೋರಾಗಿ ನಡೆದೆ.

ಆಮೇಲೆ ಪಾದ್ರಿ ಬಂದ. ಅವರ ಪಾದ್ರಿ, ನಮ್ಮವನಲ್ಲ. ಬೆಣ್ಣೆ ಹಚ್ಚಿದ ದನಿ. ಕಣಿವೇಲಿ ಮುದುಕರ ಮನೇಲಿ ಒಂದು ಕೋಣೆ ಖಾಲಿ ಇದೆ, ಬೆಚ್ಚಗಿದೆ, ಗೆರ್ಲಿಂಡ್ ನಿಮ್ಮ ಬಗ್ಗೆ ಬಹಳ ಚಿಂತೆ ಮಾಡ್ತಾಳೆ, ಬರೀ ಚಳಿಗಾಲದ ಮಟ್ಟಿಗೆ ಹೋಗಿ ಬನ್ನಿ ಅಂದ. ಬರೀ ಚಳಿಗಾಲದ ಮಟ್ಟಿಗೆ. ನಾನು ಪೆಟ್ಟಿಗೆ ತಗೊಂಡು ಹೊಸ್ತಿಲು ದಾಟಿದ್ರೆ ಅವತ್ತೇ ಗೆರ್ಲಿಂಡ್ ‘ಆಫ್ರಾ ಬೇರೆ ಕಡೆ ಮನೆ ಮಾಡಿದ್ಲು’ ಅಂತ ಸಾರ್ತಾಳೆ, ವಸಂತಕ್ಕೆ ನಾನು ಬರೋವಾಗ ನನ್ನ ಬಾಗಿಲಿಗೂ ಹೊಸ ಬೀಗ. ನನ್ನ ಮೂಳೆ ಇಲ್ಲೇ ಹೆಪ್ಪುಗಟ್ಟಲಿ, ನೀವು ಕಾಫಿ ಕುಡೀರಿ ಅಂದೆ. ಕಪ್ಪು ಹಿಡಿದ ಕೈ ಮೇಲೆ ಅವನ ಉಸಿರು ಹೊಗೆಯಾಗಿ ಬೀಳ್ತಿತ್ತು. ಅದನ್ನ ನೋಡಿಯೂ ನೋಡದ ಹಾಗೆ ಕುಡಿದು ಹೋದ.

ಈಗ ಕಿಟಕಿ ವಿಷಯ ಹೇಳ್ಬೇಕು.

ಈ ಜನ ಚಳಿಗಾಲದಲ್ಲೂ ಮಲಗೋ ಕೋಣೆ ಕಿಟಕಿ ತೆಗೆದೇ ಮಲಗ್ತಾರೆ. ಮುಚ್ಚಿ ಮಲಗಿದೋರ ಶ್ವಾಸಕೋಶದಲ್ಲಿ ಬೂಷ್ಟು ಬೆಳೆಯುತ್ತೆ ಅಂತ ಅವರ ನಂಬಿಕೆ. ಗೊಟ್ಲೋಬನೂ ಹಾಗೇ ಇದ್ದ, ನನ್ನ ಮದುವೆಯ ಮೊದಲ ಚಳಿಗಾಲ ನಾನು ಗಂಡನ ಜೊತೆ ಮಲಗಿದ್ದಕ್ಕಿಂತ ಗಾಳಿ ಜೊತೆ ಮಲಗಿದ್ದು ಹೆಚ್ಚು. ಗೆರ್ಲಿಂಡ್ ಇದರಲ್ಲಿ ಎಲ್ಲರಿಗೂ ಅಜ್ಜಿ. ಕಿಟಕಿ ಹಾರು ಹೊಡೀತಾಳೆ, ಬಾತುಕೋಳಿ ಪುಕ್ಕದ ಹೊದಿಕೆ ಮೂಗಿನ ತನಕ ಎಳ್ಕೊಂಡು ಹೆಣದ ಹಾಗೆ ನೆಟ್ಟಗೆ ಮಲಗ್ತಾಳೆ. ಕಿಟಕಿ ತೆಗೆಯೋ ಮುಂಚೆ ಅದರ ಕೆಳಗಿನ ರೇಡಿಯೇಟರ್ ಬಂದ್. ಹಳೇದನ್ನೂ ಜನ್ಮಪೂರ್ತಿ ಹಾಗೇ ಬಂದ್ ಮಾಡ್ತಿದ್ಲು, ಆದ್ರೆ ಅದು ಬಂದ್ ಆಗ್ತಾ ಇರ್ಲಿಲ್ಲ, ಕದ್ದು ಮುಚ್ಚಿ ಒಂಚೂರು ಬಿಸಿ ಬಿಟ್ಕೊಂಡು ತಾನೂ ಬದುಕಿ ಅವಳನ್ನೂ ಬದುಕಿಸಿತ್ತು. ಅದನ್ನ ಅವಳು ತನ್ನ ಶಿಸ್ತು ಅನ್ಕೊಂಡಿದ್ಲು.

ಕಠಿಣ ಚಳಿ ಬಂದ ದಿನ ನಾನು ಕಸ ಇಡೋಕೆ ಅಂಗಳಕ್ಕೆ ಇಳಿದಿದ್ದೆ. ಅವಳ ಪರದೆ ಹೊರಗೆ ಹಾರಿ ಬಂದು ಹಪ್ಪಳದ ಹಾಗೆ ಸೆಟೆದು ನಿಂತಿತ್ತು. ಕಿಟಕಿಯೊಳಗೆ ಇಣುಕಿದೆ. ವಾಲ್ವಿನ ಗುಂಡಿ ಸೊನ್ನೇಲಿತ್ತು.

ಹೋಗಿ ಬಾಗಿಲು ಬಡಿದೆ. ಪ್ರೀತಿಯಿಂದಲ್ಲ, ನಂಗೂ ನೀರು ಅದೇ ಬಾಯ್ಲರಿಂದ ಬರೋದು. ಅವಳ ರೇಡಿಯೇಟರ್ ಒಡೆದ್ರೆ ಇದ್ದಬದ್ದ ನೀರೆಲ್ಲ ಅಲ್ಲಿಂದ ಹರಿದು ನನ್ನದೂ ಒಣಗುತ್ತೆ.

“ಗುಂಡಿ ಹಿಮದ ಹೂವಿಗೆ ಇಡು ಗೆರ್ಲಿಂಡ್. ಡೀಟರ್ಲೆ ಹೇಳಿದ್ದು ಮರೆತ್ಯಾ? ಒಳಗಿನ ನೀರು ಗಟ್ಟಿಯಾಗಿ ತಗಡು ಸೀಳುತ್ತೆ. ನಿನ್ನ ಮಂಚ ಬೀದೀಲಿ ತೇಲುತ್ತೆ, ಪಾದ್ರಿ ದೋಣಿ ತಗೊಂಡು ಬರಬೇಕಾಗುತ್ತೆ.”

ಆ ದೋಣಿ ಸೇರಿಸಿದ್ದೇ ತಪ್ಪಾಯ್ತು ನೋಡಿ. ನಾಲಿಗೆ ಚಟ. ಅವಳ ತುಟಿ ಕೊಂಕಿತು.

“ದೋಣಿ. ಹೋದ ವರ್ಷ ಕಟುಕರ ಓಣೀಲಿ ತೋಳ ಬಂದಿದೆ ಅಂತ ಊರನ್ನೇ ಎಬ್ಬಿಸಿದ್ರಿ, ಮೇಷ್ಟ್ರ ನಾಯಿ ಆಗಿತ್ತು. ಕಿಟಕಿ ತೆಗೆದಿಟ್ಟು ಬಿಸಿನೀರು ಬಿಟ್ಟು ಬೀದಿ ಕಾಯಿಸೋಕೆ ನಾನು ನಿಮ್ಮ ಊರಿನವಳಲ್ಲ, ಅತ್ತಿಗೆಯವ್ರೇ. ನಮ್ಮಪ್ಪ ಸೊನ್ನೆಗೇ ಇಡ್ತಿದ್ರು. ನಾನೂ ಸೊನ್ನೆಗೇ ಇಡ್ತೀನಿ.”

ಬಾಗಿಲು ಮುಚ್ಚಿದ್ಲು. ಮೇಲೆ ಹೋಗಿ ಮೆಟ್ಟು ಹಾಕ್ಕೊಂಡು ಕುಣಿದೆ, ಇನ್ನೇನು ಮಾಡ್ಲಿ.

ಭಾನುವಾರ ಬೆಳಿಗ್ಗೆ ಕಿಟಕಿ ಗಾಜಿನ ಮೇಲೆ ಹಿಮ ಕಂಬಳಿ ನೇಯ್ದಿತ್ತು. ಗೆರ್ಲಿಂಡ್ ಕಿಟಕಿ ಮುಚ್ಚೋ ಸದ್ದು ಕೇಳಿಸಿತು, ಆಮೇಲೆ ಅವಳ ಕೋಲು ಕುಟ್ಟೋ ಸದ್ದು, ಆಮೇಲೆ ಬೀದಿ ಬಾಗಿಲು. ಚರ್ಚಿಗೆ ಹೊರಟಿದ್ಲು. ಹೊರಡೋ ಮುಂಚೆ, ಬರೋ ಹೊತ್ತಿಗೆ ಕೋಣೆ ಬೆಚ್ಚಗಿರ್ಲಿ ಅಂತ ಗುಂಡೀನ ಸೊನ್ನೆಯಿಂದ ನೇರ ಐದಕ್ಕೆ ತಿರುಗಿಸಿ ಹೋಗಿದ್ಲು ಅನ್ನೋದು ನಮಗೆ ಆಮೇಲೆ ಗೊತ್ತಾಗಿದ್ದು. ಒಳಗೆ ಮಂಜುಗಡ್ಡೆ ಆಗ್ಲೇ ತಗಡು ಸೀಳಿತ್ತು. ಸೀಳನ್ನ ಅದೇ ಮುಚ್ಕೊಂಡು ಕೂತಿತ್ತು. ಇವಳು ಬಿಸಿನೀರು ಬಿಟ್ಟು ಅದನ್ನ ಕರಗಿಸಿದ್ಲು.

ನಾನು ಕಾಫಿ ಕುಡೀತಿದ್ದೆ. ಮೊದಲು ಹಾವು ಬುಸುಗುಟ್ಟಿದ ಹಾಗೆ, ಆಮೇಲೆ ಹತ್ತು ಹಸು ಒಟ್ಟಿಗೆ ಉಚ್ಚೆ ಹೊಯ್ದ ಹಾಗೆ ಸದ್ದು. ಮೆಟ್ಟಿಲಿಳಿದು ನೋಡ್ತೀನಿ, ಅವಳ ಬಾಗಿಲ ಅಡಿಯಿಂದ ಹಳೇ ಕೊಳವೆಯ ಮಸಿ ಕಲೆಸ್ಕೊಂಡ ಕರೀ ನೀರು ಬರ್ತಾ ಇದೆ. ಶನಿವಾರ ಸಂಜೆ ಹಲಗೆ ನನ್ನ ಬಾಗಿಲಿಗೆ ಬಂದ ಕೂಡಲೇ ನಾನು ಮಂಡಿಯೂರಿ ತಿಕ್ಕಿದ ನೆಲದ ಮೇಲೆ! ಆ ವಾರ ಪೂರ್ತಿ ನಂದು. ಕಾಲಲ್ಲಿದ್ದ ಬಟ್ಟೆ ಚಪ್ಪಲಿ ನೆಂದು ಮಸಿಯಾಯ್ತು. ಮೇಲೆ ನನ್ನ ರೇಡಿಯೇಟರ್‌ಗಳು ಗೊಟಗೊಟ ಅಂತ ಗಂಟಲು ತೊಳ್ಕೊಳ್ಳೋಕೆ ಶುರು ಮಾಡಿದ್ವು, ನೀರು ಅವುಗಳನ್ನ ಬಿಟ್ಟು ಕೆಳಗಿಳೀತಿತ್ತು. ನಿಲ್ಲಿಸೋ ಹಿಡಿ ನೆಲಮಾಳಿಗೇಲಿ. ನೆಲಮಾಳಿಗೆಗೆ ಬೀಗ. ಭುಜ ಕೊಟ್ಟು ಗುದ್ದಿದೆ. ಬಾಗಿಲು ಗೆದ್ದಿತು. ಡೀಟರ್ಲೆಗೆ ಫೋನ್ ಮಾಡೋಣ ಅಂದ್ರೆ ಅವನೂ ಚರ್ಚಿನಲ್ಲಿ, ತುತ್ತೂರಿ ತಂಡದಲ್ಲಿ ಊದೋಕೆ ಹೋಗಿದ್ದ.

ಆ ಚರ್ಚಿನೊಳಗೆ ನಾನು ಕಾಲಿಟ್ಟವಳೇ ಅಲ್ಲ. ಮದುವೆ ನನ್ನೂರಲ್ಲಾಯ್ತು. ಗೊಟ್ಲೋಬನ್ನ ಮಣ್ಣು ಮಾಡಿದ ದಿನ ಕೂಡ ಹೊರಗೆ ಗೋರಿ ಹತ್ರಾನೇ ನಿಂತಿದ್ದೆ. ಅವತ್ತು ಹೋದೆ. ಏಪ್ರನ್‌ನಲ್ಲಿ, ತಲೆ ಬಾಚದೇ, ಆ ಬಟ್ಟೆ ಚಪ್ಪಲೀಲಿ ಹಿಮದ ಮೇಲೆ ಓಡಿದೆ. ನನ್ನ ವಯಸ್ಸಿಗೆ ಅದನ್ನ ಓಟ ಅನ್ನಬೇಕು. ಬೀದಿ ನಾಯಿಗಳು ದಾರಿ ಬಿಟ್ವು.

ಬಾಗಿಲು ತಳ್ಳಿದೆ. ಪಾದ್ರಿ ಉಪದೇಶದ ನಡುವೆ ಇದ್ದ. ನೆರೆಯವರನ್ನ ಪ್ರೀತಿಸಿ ಅಂತಿದ್ದ ಅಂತ ಹೇಳಿದ್ರೆ ಕಥೆ ಚೆನ್ನಾಗಿರುತ್ತೆ, ಆದ್ರೆ ಏನಂತಿದ್ದನೋ ನಂಗೆ ಗೊತ್ತಿಲ್ಲ, ಕಿವೀಲಿ ಬರೀ ನೀರಿನ ಸದ್ದು. ಊರಿಗೂರೇ ತಲೆ ತಿರುಗಿಸಿತು. ಗೆರ್ಲಿಂಡ್ ಮುಂದಿನ ಬೆಂಚಲ್ಲಿ, ಬೆನ್ನು ಹಲಗೆ ಥರ. ಅವಳೊಬ್ಬಳೇ ತಿರುಗ್ಲಿಲ್ಲ. ನಡುವಿನ ದಾರೀಲಿ ನಡ್ಕೊಂಡು ಹೋಗಿ ಅವಳ ಪಕ್ಕ ನಿಂತೆ.

“ಕೀಲಿ ಕೊಡು.”

ಅವಳು ಮುಂದೆ ನೋಡ್ತಾನೇ, ತುಟಿ ಅಲ್ಲಾಡಿಸದೇ ಅಂದ್ಲು: “ನಾಚಿಕೆ ಆಗಲ್ವಾ? ಹೊರಗೆ ಹೋಗಿ.”

ನಿನ್ನ ರೇಡಿಯೇಟರ್ ಒಡೆದಿದೆ, ನೀರು ಮೆಟ್ಟಿಲಿಗೆ ಬಂದಿದೆ ಅಂದೆ. ಈ ಸಲ ದೋಣಿ ಸೇರಿಸ್ಲಿಲ್ಲ, ಒಂದಕ್ಷರ ಉಪ್ಪು ಖಾರ ಹಾಕ್ಲಿಲ್ಲ, ಇದ್ದಿದ್ದು ಇದ್ದ ಹಾಗೆ ಹೇಳಿದೆ. ಹಿಂದಿನ ಬೆಂಚಲ್ಲಿ ಯಾರೋ ತೋಳ ಅಂತ ಪಿಸುಗುಟ್ಟಿ ಕಿಸಕ್ಕಂದ್ರು. ಅಷ್ಟು ಜನ ನಕ್ಕಿದ್ದು ಆ ಚರ್ಚು ಕಟ್ಟಿದಾಗಿಂದ ಇರ್ಲಿಲ್ಲ. ಪಾದ್ರಿ ಬೆಣ್ಣೆ ದನಿ ತೆಗೆದು, ಪ್ರಾರ್ಥನೆ ಮುಗಿದ ಮೇಲೆ ಮಾತಾಡಬಹುದಲ್ವಾ ಅಂದ. ಗೆರ್ಲಿಂಡ್ ಹಾಡಿನ ಪುಸ್ತಕ ಬಿಡಿಸಿದ್ಲು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ.

ಆಗ ತುತ್ತೂರಿಯವರ ಕಡೆಯಿಂದ ಕುರ್ಚಿ ಕಿರ್ರಂತು. ಡೀಟರ್ಲೆ ಎದ್ದು ನಿಂತಿದ್ದ. ಅವನು ನನ್ನ ನೋಡ್ತಾ ಇರ್ಲಿಲ್ಲ. ನಾನು ಬಂದ ದಾರಿ ನೋಡ್ತಿದ್ದ. ಬಾಗಿಲಿಂದ ಗೆರ್ಲಿಂಡಿನ ಬೆಂಚಿನ ತನಕ, ಅವರು ವಾರವಾರ ಉಜ್ಜಿ ಹೊಳೆಸೋ ಬಿಳೀ ಕಲ್ಲಿನ ಮೇಲೆ, ನನ್ನ ಚಪ್ಪಲಿ ಗುರುತು. ಹಿಮದಲ್ಲಿ ನಡೆದ್ರೂ ಹೋಗ್ದೇ ಇರೋಂಥ ಕರೀ ಮಸಿ. ಕೊಳೆತ ಮೊಟ್ಟೆ ನಾತ ಆಗ್ಲೇ ಮುಂದಿನ ಸಾಲುಗಳಿಗೆ ತಲುಪಿತ್ತು, ಹೆಂಗಸರು ಕರ್ಚೀಫು ಮೂಗಿಗಿಟ್ಟಿದ್ರು.

“ಅದು ಕೊಳವೆ ನೀರು,” ಅಂದ. “ಅಮ್ಮಾ ಗೆರ್ಲಿಂಡ್, ಗುಂಡಿ ಎಲ್ಲಿಟ್ಟಿದ್ರಿ?”

ಇಡೀ ಚರ್ಚು ಅವಳ ಉತ್ತರಕ್ಕೆ ಕಾಯ್ತು. ಅವಳ ಕುತ್ತಿಗೆ ಕೆಂಪಾಗ್ತಾ ಆಗ್ತಾ ಕಿವಿ ತನಕ ಹೋಯ್ತು. ಸೊನ್ನೆ ಅನ್ನೋ ಮಾತು ಅವಳ ಬಾಯಿಂದ ಬರ್ಲಿಲ್ಲ, ಬರಬೇಕಾಗೂ ಇರ್ಲಿಲ್ಲ. ಅಲ್ಲಿದ್ದವರೆಲ್ಲ ಕಿಟಕಿ ತೆಗೆದು ಮಲಗೋರೇ. ಅರ್ಧ ಜನ ತಂತಮ್ಮ ಗುಂಡಿ ಎಲ್ಲಿದೆ ಅಂತ ಲೆಕ್ಕ ಹಾಕ್ತಾ ಮುಖ ಬಿಳಿಚ್ಕೊಂಡ್ರು.

ಡೀಟರ್ಲೆ, ‘ನಾನು ಸಾಮಾನು ತರೋಕೆ ಮನೆಗೆ ಓಡ್ತೀನಿ, ಯಾರಾದ್ರೂ ಈಗಲೇ ಹೋಗಿ ಕೆಳಮನೆ ಹಿಡಿ ಮುಚ್ಚಿ’ ಅಂದ. ಗೆರ್ಲಿಂಡ್ ಎದ್ಲು, ತಾನೇ ಹೋಗ್ತೀನಿ ಅಂತ. ಸೊಂಟ ಅವಳದ್ದು ಕೆಟ್ಟಿದೆ, ಆ ಹಿಮದಲ್ಲಿ ಕೋಲೂರಿ ಮನೆ ಮುಟ್ಟೋ ಹೊತ್ತಿಗೆ ಈಸ್ಟರ್ ಬಂದಿರ್ತಿತ್ತು. ನಾನು ಕೈ ಚಾಚಿದ್ದು ಚಾಚಿದ ಹಾಗೇ ಇಟ್ಟೆ. ಅವಳು ಡೀಟರ್ಲೆ ಕಡೆ ನೋಡಿದ್ಲು. ಅವನು ಬಾಗಿಲು ದಾಟಿದ್ದ. ಪಾದ್ರಿ ಕಡೆ ನೋಡಿದ್ಲು. ಅವನು ತನ್ನ ಪುಸ್ತಕ ನೋಡ್ದ. ಸರ ತಲೆ ಮೇಲಿಂದ ತೆಗೆಯೋಕೆ ಹೋದ್ರೆ ಅವಳ ಕೂದಲ ಗಂಟಿಗೆ ಸಿಕ್ಕೊಂಡ್ತು, ಬಿಡಿಸ್ಕೊಳ್ಳೋಕೆ ಆಗದೇ ತಲೆ ಬಗ್ಗಿಸಿ ನಿಂತ್ಲು. ನಾನೇ ಬಿಡಿಸಿದೆ. ಒಂದೆರಡು ಕೂದಲು ಜೊತೆಗೆ ಬಂದ್ವು. ಬೇಕಂತ ಅಲ್ಲ. ಪೂರ್ತಿ ಬೇಕಂತ ಅಲ್ಲ.

“ಮುಚ್ಚಿ ಸೀದಾ ವಾಪಸ್ ತಂದು ಕೊಡು,” ಅಂದ್ಲು ಹಲ್ಲು ಕಚ್ಚಿ. ಆ ಗಲಾಟೇಲಿ ‘ನೀವು’ ಎಲ್ಲೋ ಬಿದ್ದುಹೋಗಿತ್ತು.

ನೆಲಮಾಳಿಗೆಗೆ ಇಳಿದೆ. ಕೆಳಮನೆಯ ಹಿಡಿ ಮುಚ್ಚಿದೆ, ಮೇಲಿನ ಬುಸುಗುಟ್ಟೋದು ನಿಂತಿತು. ಪಕ್ಕದಲ್ಲಿ ನನ್ನ ಹಿಡಿ. ಮುಟ್ಟೇ ಇಲ್ಲ ಅಂದಿದ್ಲಲ್ಲ, ಅದು ಕೂದಲೆಳೆಯಷ್ಟು ಬಿಟ್ಟು ಪೂರ್ತಿ ಮುಚ್ಚಿತ್ತು. ಆಮೇಲೆ ಎರಡೂ ಕೈ ಹಾಕಿ, ಇನ್ನು ತಿರುಗಲ್ಲ ಅನ್ನೋ ತನಕ ತೆಗೆದೆ. ಡೀಟರ್ಲೆ ಬಂದು ನಲ್ಲಿಯಿಂದ ನೀರು ತುಂಬಿಸಿ ಕೊಳವೆಯೊಳಗಿನ ಗಾಳಿ ಹೊರಗೆ ಬಿಟ್ಟ. ಮಧ್ಯಾಹ್ನಕ್ಕೆ ನನ್ನ ಅಡಿಗೆಮನೆ ರೇಡಿಯೇಟರ್ ಮುಟ್ಟಿದ್ರೆ ಕೈ ಸುಡ್ತಿತ್ತು. ಮೂರೂ ಸ್ವೆಟರ್ ಬಿಚ್ಚಿ ಎಸೆದು, ಕುರ್ಚಿ ಎಳ್ಕೊಂಡು ಅದಕ್ಕೆ ಬೆನ್ನು ಕೊಟ್ಟು ಕೂತೆ. ಬೆಣ್ಣೆ ಕರಗಿದ ಹಾಗೆ ಕರಗಿದೆ.

ಕೀಲಿ ಕೊಡ್ಲಿಲ್ಲ. ಅವಳು ಸಂಜೆ ತನಕ ಬಾಗಿಲು ಬಡಿದ್ಲು, ಕಳ್ಳಿ ಅಂದ್ಲು, ಪೋಪನ ಬಾಲ ಅಂದ್ಲು. ನಾನು ಬಾಗಿಲು ತೆಗೆದು, ಒಳಗೆ ಬಾ, ಇಲ್ಲಿ ಬೆಚ್ಚಗಿದೆ, ಕೂತ್ಕೊಂಡು ಬೈ ಅಂದೆ. ಅವಳ ಮನೆಗೆ ಹೊಸ ರೇಡಿಯೇಟರ್ ಬರೋ ತನಕ ಕೆಳಗೆ ಬಿಸಿ ಇಲ್ಲ. ಪಾದ್ರಿಗೆ ಹೇಳಿ ಕಳಿಸಿದೆ, ಕಣಿವೆಯ ಕೋಣೆ ಇನ್ನೂ ಖಾಲಿ ಇದೆಯಾ, ಗೆರ್ಲಿಂಡ್ ಬಗ್ಗೆ ನಂಗೆ ಬಹಳ ಚಿಂತೆ ಅಂತ. ಅವನು ಬರ್ಲೇ ಇಲ್ಲ. ಗೆರ್ಲಿಂಡೂ ಕಣಿವೆಗೆ ಹೋಗ್ಲಿಲ್ಲ, ಹೋದ್ರೆ ನಾನು ಏನು ಮಾಡಬಹುದು ಅಂತ ಅವಳಿಗೆ ಚೆನ್ನಾಗಿ ಗೊತ್ತು, ತಾನು ಮಾಡೋಕೆ ಹೊರಟಿದ್ದೇ ಅಲ್ವಾ. ಪುಕ್ಕದ ಹೊದಿಕೆ ಬಗಲಿಗೆ ಹಾಕ್ಕೊಂಡು ಮೇಲೆ ಬಂದ್ಲು. ನನ್ನ ಚಿಕ್ಕ ಕೋಣೇಲಿ ಮಲಗಿದ್ಲು. ಮೊದಲು ಮಾಡಿದ ಕೆಲಸ ಏನ್ ಗೊತ್ತಾ? ಕಿಟಕಿ ತೆಗೆದ್ಲು. ನಾನು ಹೋಗಿ ಮುಚ್ಚಿದೆ. ತೆಗೆದ್ಲು. ಮುಚ್ಚಿದೆ. ಗುಂಡಿ ಮಾತ್ರ ಯಾರೂ ಮುಟ್ಲಿಲ್ಲ, ಅದು ಹಿಮದ ಹೂವಿನ ಮೇಲೇ ಕೂತಿತ್ತು.

ಆ ಶನಿವಾರ ನನ್ನ ವಾರ ಮುಗೀತು. ಮಸಿಯೆಲ್ಲ ನಾನೇ ತಿಕ್ಕಿದ್ದೆ, ನೆಲಮಾಳಿಗೆ ಮೆಟ್ಟಿಲೂ ಸೇರಿ. ಬೀದಿಯ ಹೆಂಗಸರು ಬಂದು ಬಗ್ಗಿ ನೋಡಿ ಹೋದ್ರು. ಹಲಗೆ ಅವಳ ಬಾಗಿಲಿಗೆ ಹೋಗಬೇಕಿತ್ತು. ಅವಳು ಕೈ ಚಾಚಿ ನಿಂತ್ಲು, ಹಲಗೆಗಲ್ಲ, ಕೀಲಿಗೆ.

“ಗುಡಿಸೋಕೆ ನೆಲಮಾಳಿಗೆ ಬಾಗಿಲು ತೆಗೀಬೇಕಲ್ಲ,” ಅಂದ್ಲು.

ನನ್ನ ಮಾತೇ, ನನ್ನ ಬಾಯಿಂದ ಕದ್ದಿದ್ದು. ಇಲ್ಲ ಅಂತ ಹೆಂಗೆ ಅನ್ನಲಿ? ಹಲಗೆಯ ಮೊಳೆಗೆ ಕೀಲಿ ಕಟ್ಟಿ, ಬೀದಿಯವರ ಕಣ್ಣೆದುರೇ ಅವಳ ಬಾಗಿಲಿಗೆ ನೇತು ಹಾಕಿದೆ.

“ಹಲಗೆ ಯಾರ ಬಾಗಿಲಲ್ಲೋ ಕೀಲಿ ಅವರದ್ದು,” ಅಂದೆ. “ಈ ವಾರ ನನ್ನ ಹಿಡಿ ಒಂದು ಎಳೆ ತಿರುಗಿಸಿದ್ರೆ, ಮುಂದಿನ ವಾರ ನಿಂದು ಎರಡು ಎಳೆ ತಿರುಗುತ್ತೆ. ಜನವರಿ ಇನ್ನೂ ಮುಗಿದಿಲ್ಲ ಕಣೇ.”

ಆ ವಾರ ನನ್ನ ರೇಡಿಯೇಟರ್ ತಣ್ಣಗಾಗ್ಲಿಲ್ಲ. ಮುಂದಿನ ವಾರ ಅವಳದ್ದೂ ಆಗ್ಲಿಲ್ಲ, ಹೊಸದು ಬಂದಿತ್ತು ಅಷ್ಟರಲ್ಲಿ.

ಹಿಂದೆ ಹಲಗೆ ಒಬ್ಬರಿಂದ ಒಬ್ಬರಿಗೆ ದಾಟಿಸೋಕೆ ನಾವು ಒದ್ದಾಡ್ತಿದ್ವಿ. ಈಗ ಶನಿವಾರ ಬಂದ್ರೆ ಗೆರ್ಲಿಂಡ್ ಮಧ್ಯಾಹ್ನವೇ ಮೆಟ್ಟಿಲ ಹತ್ರ ಪೊರಕೆ ಹಿಡ್ಕೊಂಡು ನಿಂತಿರ್ತಾಳೆ, ನನ್ನ ವಾರ ಮುಗೀತಾ ಅಂತ. ನಾನೂ ಅವಳ ವಾರದ ಕೊನೇಲಿ ಬಕೆಟ್ ತುಂಬಿಸ್ಕೊಂಡು ತಯಾರಾಗೇ ಇರ್ತೀನಿ. ನಮ್ಮ ಮೆಟ್ಟಿಲು ಈಗ ಎಷ್ಟು ಹೊಳೆಯುತ್ತೆ ಅಂದ್ರೆ ಅಂಚೆಯವನು ಅದರಲ್ಲಿ ಮುಖ ನೋಡಿ ಮೀಸೆ ತಿದ್ಕೋತಾನೆ. ಹೋದ ವಾರ ಅವಳು ಮೇಲಿನ ಮೆಟ್ಟಿಲಿಗೆ ಮೇಣ ಬಳಿದು ಉಜ್ಜಿದ್ಲು, ನಾನು ಜಾರಿ ಬಿದ್ದು ಸಾಯಲಿ ಅಂತ. ನಾನು ಕಟಕಟೆ ಹಿಡ್ಕೊಂಡು ಇಳಿದೆ. ಈ ವಾರ ಹಲಗೆ ನನ್ನ ಬಾಗಿಲಲ್ಲಿದೆ, ಮೇಣದ ಡಬ್ಬಿ ನನ್ನ ಹತ್ರಾನೂ ಇದೆ, ಅವಳ ಸೊಂಟ ನನ್ನ ಸೊಂಟಕ್ಕಿಂತ ಕೆಟ್ಟಿದೆ.